ಯಾರಿಗೂ ಬೇಡವಾದ ಖಾಕಿ

ನಮ್ಮೂರಿನಲ್ಲಿ ಒಬ್ಬ ಹುಡುಗ ಪೊಲೀಸ್ ಕೆಲಸಕ್ಕೆ ಸೇರುತ್ತೇನೆ ಅಂದರೆ ಯಾರೂ ಅವನ ಎತ್ತರ ಕೇಳುವುದಿಲ್ಲ, ಎದೆ ಅಳೆಯುವುದಿಲ್ಲ, ಎಷ್ಟು ಓದಿದ್ದೀಯಪ್ಪಾ ಅಂತಲೂ ಕೇಳುವುದಿಲ್ಲ. ಕೇಳುವುದು ಒಂದೇ ಮಾತು: "ಯಾರ ಖಾಕಿ?" ನಮ್ಮ ಠಾಣೆಗೆ ಹೊಸ ಬಟ್ಟೆ ಬಂದಿದ್ದನ್ನು ನಾನು ಕಂಡಿಲ್ಲ, ನಮ್ಮತ್ತೆಯೂ ಕಂಡಿರಲಿಲ್ಲ. ಒಬ್ಬರು ಬಿಚ್ಚಿದ ಖಾಕಿಯನ್ನು ಇನ್ನೊಬ್ಬರು ತೊಡಬೇಕು. ತೊಟ್ಟವನ ಮೈಗೆ ಅದು ಕೂತರೆ ಅವನು ಪೊಲೀಸು, ಬಿಚ್ಚಿದವನು ರಿಟೈರು. ಕೂರದಿದ್ದರೆ ಹೊಸಬ ಮನೆಗೆ, ಹಳಬ ಮತ್ತೆ ಡ್ಯೂಟಿಗೆ. ರಾಜಧಾನಿಯಲ್ಲಿ ಕೂತವರು ಇಡೀ ದೇಶದ ಪೊಲೀಸರಿಗೆ ಅರವತ್ತಕ್ಕೆ ನಿವೃತ್ತಿ ಅಂತ ಬರೆದುಕೊಂಡಿದ್ದಾರಂತೆ. ಬರೆದುಕೊಳ್ಳಲಿ, ಕಾಗದ ಅವರದು, ಶಾಯಿ ಅವರದು. ನಮ್ಮಲ್ಲಿ ಅರವತ್ತಾಗುವುದು ಮನುಷ್ಯನಿಗೆ, ಖಾಕಿಗಲ್ಲ.

ಈ ಖಾಕಿಯ ಗುಣವೇ ಬೇರೆ. ತೊಟ್ಟವನು ಕೆಲಸಕ್ಕೆ ಸೇರಿದ ಮೇಲೆ ಉಬ್ಬಿದರೆ ಅದೂ ಹಿಗ್ಗುತ್ತದೆ, ಆದರೆ ಒಮ್ಮೆ ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ಕತ್ತರಿ ಹಾಕಿದರೆ ಕತ್ತರಿಯೇ ಮೊಂಡಾಗುತ್ತದೆ. ಹಿಂದೆ ಒಬ್ಬ ದರ್ಜಿ ಧೈರ್ಯ ಮಾಡಿ ಸೊಂಟದ ಹತ್ತಿರ ಎರಡು ಬೆರಳು ಒಳಹೊಲಿಗೆ ಹಾಕಿದ್ದನಂತೆ. ಬೆಳಗಾಗುವಷ್ಟರಲ್ಲಿ ಹೊಲಿಗೆಯೆಲ್ಲ ಬಿಚ್ಚಿಕೊಂಡು ದಾರ ಅವನ ಹೊಸಿಲ ಮೇಲೆ ಬಿದ್ದಿತ್ತಂತೆ. ಆಮೇಲೆ ಯಾರೂ ಆ ತಂಟೆಗೆ ಹೋಗಲಿಲ್ಲ. ಉದ್ದ ಹೆಚ್ಚಾದರೆ ಪ್ಯಾಂಟು ಮಡಚಿಕೊಳ್ಳಬಹುದು, ತೋಳು ಮೇಲಕ್ಕೆ ಸುತ್ತಿಕೊಳ್ಳಬಹುದು. ಲೆಕ್ಕಕ್ಕೆ ಬರುವುದು ಸೊಂಟ. ಬಟ್ಟೆ ಬದಲಾಗುವುದಿಲ್ಲ ಅಂದ ಮೇಲೆ ಮನುಷ್ಯನೇ ಬದಲಾಗಬೇಕು ತಾನೆ?

ಬದಲಾಗಿದ್ದಾರೆ. ನಮ್ಮ ಬೀದಿಯ ತುದಿಯಲ್ಲಿ ಸರ್ವಮಂಗಳಾ ಅನ್ನುವವಳು ಒಂದು ಮೆಸ್ಸು ನಡೆಸುತ್ತಾಳೆ. ಬೋರ್ಡಿನಲ್ಲಿ 'ಪೊಲೀಸ್ ತರಬೇತಿ ಕೇಂದ್ರ' ಅಂತಲೇ ಬರೆಸಿದ್ದಾಳೆ. ಬೇರೆ ಊರಿನಲ್ಲಿ ಹುಡುಗರು ಬೆಳಗಿನ ಚಳಿಯಲ್ಲಿ ಮೈದಾನ ಸುತ್ತುತ್ತಾರಂತೆ, ಹಗ್ಗ ಹತ್ತುತ್ತಾರಂತೆ. ನಮ್ಮಲ್ಲಿ ಎದ್ದ ತಕ್ಷಣ ತುಪ್ಪದ ಪೊಂಗಲು, ಹತ್ತು ಗಂಟೆಗೆ ಬೋಂಡ, ಮಧ್ಯಾಹ್ನ ಹೋಳಿಗೆ ಊಟ. ಊಟವಾದ ಮೇಲೆ ಸರ್ವಮಂಗಳಾ ಸೀಟಿ ಊದುತ್ತಾಳೆ, ಹುಡುಗರೆಲ್ಲ ಸಾಲಾಗಿ ಚಾಪೆ ಹಾಸಿ ಮಲಗುತ್ತಾರೆ. ಯಾರಾದರೂ ಎದ್ದು ಓಡಾಡಿದರೆ ಬೈಗುಳ. "ಏ ಅಡ್ಡಾಡ್ಬ್ಯಾಡ ಕಣೋ, ತಿಂದಿದ್ದೆಲ್ಲ ಕರಗೋಯ್ತದೆ! ನಿಮ್ಮಪ್ಪ ಏನು ಪುಕ್ಕಟೆ ಕಳ್ಸವ್ನಾ?" ಅನ್ನುವ ಅವಳ ದನಿ ನಮ್ಮ ಅಡುಗೆಮನೆಗೂ ಕೇಳುತ್ತದೆ.

ಈ ಹುಡುಗರೆಲ್ಲರ ಕಣ್ಣೂ ದಫೇದಾರ ಮುದ್ದುರಂಗಪ್ಪನವರ ಖಾಕಿಯ ಮೇಲೆ. ಮುದ್ದುರಂಗಪ್ಪನವರು ಕೆಲಸಕ್ಕೆ ಸೇರಿದಾಗ ಇದ್ದ ಸೊಂಟಕ್ಕೂ ಈಗಿನ ಸೊಂಟಕ್ಕೂ ನಡುವೆ ಊರಿನ ಅರ್ಧ ಅಂಗಡಿ ಬೀದಿ ಕರಗಿಹೋಗಿದೆ. ಅವರು ಬೀಟಿಗೆ ಹೊರಟರೆ ಬೇಕರಿಯವನು ತಾನಾಗಿಯೇ ಪೊಟ್ಟಣ ಕಟ್ಟುತ್ತಾನೆ. ಅಂಥ ಖಾಕಿ ಸಿಕ್ಕವನಿಗೆ ಹೆಣ್ಣು ಕೊಡಲು ನಾಲ್ಕು ಊರಿನವರು ಬರುತ್ತಾರೆ. ಹೆಣ್ಣಿನ ಅಪ್ಪ ಜಾತಕ ಕೇಳುವುದಿಲ್ಲ, ಬೆಲ್ಟಿನ ಕಡೆ ನೋಡುತ್ತಾನೆ, ಎಷ್ಟನೇ ತೂತು ಅಂತ.

ಇನ್ನು ನಮ್ಮ ಯಜಮಾನರ ಖಾಕಿ. ಅದರ ವಿಷಯ ಹೇಳಲೆಂದೇ ನಾನು ಬಾಯಿ ತೆಗೆದದ್ದು. ಇವರ ಹೆಸರು ಮರಿಸಿದ್ದಯ್ಯ. ಸೇರಿದ ದಿನ ಬಕಲ್ ಹಾಕಿದ್ದು ಮೊದಲನೇ ತೂತಿಗೆ, ತಲೆಗೂದಲೆಲ್ಲ ಬೆಳ್ಳಗಾದ ಮೇಲೂ ಮೊದಲನೇ ತೂತಿಗೇ. ಜನ ಇದನ್ನು ಪ್ರಾಮಾಣಿಕತೆ ಅನ್ನುತ್ತಾರೆ. ಸಭೆಯಲ್ಲಿ ಕೂರಿಸಿ ಹಾರ ಹಾಕಿದ್ದೂ ಉಂಟು. ಕಟ್ಟಿಕೊಂಡ ನನಗೆ ಗೊತ್ತಿರುವುದು ಬೇರೆ. ಇವರ ಹೊಟ್ಟೆ ತಡೆಯುವುದಿಲ್ಲ, ಅಷ್ಟೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಿಠಾಯಿ ಅಂಗಡಿಯವನು ಬಲವಂತ ಮಾಡಿ ಒಂದು ಬಾದೂಷಾ ಕೊಟ್ಟನಂತೆ. ತಿಂದವರು ಅವತ್ತು ಪೂರ್ತಿ ಠಾಣೆಯ ಹಿಂದಿನ ಪಾಯಿಖಾನೆಯಿಂದ ಹೊರಗೆ ಬರಲಿಲ್ಲ. ಮದುವೆಯಾದ ವರ್ಷ ನನ್ನನ್ನು ನೋಡುವ ಆಸೆಗೆ ಬೀಟು ಬಿಟ್ಟು ಮನೆಗೆ ಬಂದು, ಸಾಹೇಬರು ಕೇಳಿದಾಗ "ಬೀಟಿನಲ್ಲೇ ಇದ್ದೆ ಸಾರ್" ಅಂದರಂತೆ. ಮಾತು ಮುಗಿಯುವುದರೊಳಗೆ ಹೊಟ್ಟೆ ಹಿಡಿದುಕೊಂಡು ಓಡಿದರು. ಇದು ಊರಿಗೆಲ್ಲ ಗೊತ್ತು. ಕೋರ್ಟಿನಲ್ಲಿ ಇವರು ಸಾಕ್ಷಿ ಹೇಳುವಾಗ ವಕೀಲರು ಇವರ ಮಾತು ಕೇಳುತ್ತಿರಲಿಲ್ಲ, ಹೊಟ್ಟೆ ನೋಡುತ್ತಿದ್ದರು.

ಸಂಬಳದಲ್ಲಿ ತಂದ ಮುದ್ದೆ, ಸೊಪ್ಪು ಇವರಿಗೆ ಚೆನ್ನಾಗಿಯೇ ದಕ್ಕುತ್ತಿತ್ತು. ಆದರೆ ದಕ್ಕಿದ್ದು ಮೈಗೆ ಹತ್ತಲು ಬಿಡಬೇಕಲ್ಲ? ಠಾಣೆಯಲ್ಲಿ ಓಡಬಲ್ಲವರು ಇವರೊಬ್ಬರೇ. ನಮ್ಮೂರಿನ ಕಳ್ಳರೂ ಮರ್ಯಾದಸ್ಥರು. ದಫೇದಾರರ ಪಾಳಿಯಲ್ಲಿ ಕದ್ದರೆ ಸುಮ್ಮನೆ ನಡೆದುಕೊಂಡು ಹೋಗುತ್ತಾರೆ, ಓಡಿ ದೊಡ್ಡ ಮನುಷ್ಯರನ್ನು ಯಾಕೆ ಅವಮಾನ ಮಾಡಬೇಕು ಅಂತ. ಓಡುವುದು ಇವರಿದ್ದಾಗ ಮಾತ್ರ. ಪರ ಊರಿನ ಕಳ್ಳ ಬಂದರಂತೂ ಯಾರ ಪಾಳಿಯೇ ಇರಲಿ, ಓಟ ಇದೆ ಅಂದರೆ ಠಾಣೆಯಿಂದ ಸೀಟಿ. ಇವರು ಕೈಯಲ್ಲಿದ್ದ ತುತ್ತು ತಟ್ಟೆಯಲ್ಲಿ ಬಿಟ್ಟು ಹೊರಡುತ್ತಿದ್ದರು. ಊರಿಗೆಲ್ಲ ಹೊಟ್ಟೆ, ಓಡುವುದಕ್ಕೆ ಮಾತ್ರ ನನ್ನ ಗಂಡ!

ಅರವತ್ತು ದಾಟಿತು. ಇವರ ಖಾಕಿಗೆ ಯಾರೂ ಬರಲಿಲ್ಲ. ಸಣ್ಣ ಮೈಯ ಹುಡುಗರು ಇರಲಿಲ್ಲವೆಂದಲ್ಲ, ಇದ್ದರು. ಆದರೆ ಬೆಳೆದು ದಫೇದಾರರ ಖಾಕಿ ಹಾಕಿಕೊಳ್ಳುವ ಆಸೆ ಬಿಟ್ಟು ಮೊದಲನೇ ತೂತಿನ ಬೆಲ್ಟಿಗೆ ಯಾವನು ಬರುತ್ತಾನೆ? ಹೆಣ್ಣು ಸಿಗಲ್ಲ, ಪೊಟ್ಟಣ ಸಿಗಲ್ಲ, ಸಿಗುವುದು ಓಟ. ಪ್ರತಿ ವರ್ಷವೂ ಅಳತೆಯ ದಿನ ಇವರು ಖಾಕಿ ಬಿಚ್ಚಿ ಮೇಜಿನ ಮೇಲಿಟ್ಟು, ಪಂಚೆ ಬನಿಯನ್ನಿನಲ್ಲಿ ಪಕ್ಕಕ್ಕೆ ನಿಂತುಕೊಳ್ಳುವರು. ಸಂಜೆಗೆ ಅದನ್ನೇ ಮತ್ತೆ ತೊಟ್ಟು ಮನೆಗೆ ಬರುವರು. "ಆಯ್ತಲ್ಲ ಕಣೇ, ಒಂದು ದಿವ್ಸ ಆದ್ರೂ ರಿಟೈರಾಗಿದ್ದೆ" ಅಂತ ನಗುವರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಹೋದ ವರ್ಷ ಒಂದು ದಿನ ಹಳೇ ನೀರಿನ ಟ್ಯಾಂಕಿನ ಹತ್ತಿರ ಇವರು ಪಾಪಣ್ಣನ ಹಿಂದೆ ಓಡುತ್ತಿದ್ದರು. ಈ ಪಾಪಣ್ಣ ಚೊಂಬು, ತಪ್ಪಲೆ ಕದಿಯುವವನು, ಇವರಿಂದ ಓಡಿಸಿಕೊಂಡು ಓಡಿಸಿಕೊಂಡು ಅವನಿಗೂ ವಯಸ್ಸಾಗಿತ್ತು. ಹಿಂದೆ ಬೂಟಿನ ಸದ್ದು ನಿಂತಿತಲ್ಲಾ ಅಂತ ತಿರುಗಿ ನೋಡಿದರೆ ಇವರು ಎದೆ ಹಿಡಿದುಕೊಂಡು ಟ್ಯಾಂಕಿನ ಮೆಟ್ಟಿಲ ಮೇಲೆ ಕೂತಿದ್ದಾರೆ. ಪಾಪ, ಅವನೇ ವಾಪಸ್ಸು ಬಂದು, ಕದ್ದ ಚೊಂಬಿನಲ್ಲೇ ನೀರು ಹಿಡಿದು ಕುಡಿಸಿ, ಹೆಗಲ ಮೇಲೆ ಕೈ ಹಾಕಿಸಿಕೊಂಡು ಮನೆಗೆ ಕರೆತಂದ. "ದೊಡ್ಡಮ್ಮಾ, ಸಾಹೇಬ್ರನ್ನ ಇನ್ನು ಓಡುಸ್ಬ್ಯಾಡಿ. ನಾನು ಎಷ್ಟು ಅಂತ ನಿಧಾನಕ್ಕೆ ಓಡ್ಲಿ?" ಅಂದು ಕಣ್ಣು ಒರೆಸಿಕೊಂಡ.

ಡಾಕ್ಟರು ಎದೆ ನೋಡಿ, "ಇನ್ನೊಂದು ಸಲ ಹೀಗೆ ಓಡಿದರೆ ನನ್ನ ಹತ್ತಿರ ಕರ್ಕೊಂಡು ಬರಬೇಡಿ. ಬಂದು ಪ್ರಯೋಜನ ಇಲ್ಲ" ಅಂದರು. ನೇರವಾಗಿ ಠಾಣೆಗೆ ಹೋಗಿ ಇನ್ಸ್‌ಪೆಕ್ಟರ ಮುಂದೆ ನಿಂತು ರಜೆ ಕೊಡಿ ಅಂದೆ. "ಅವರು ರಜೆ ಹಾಕಿದರೆ ಕಳ್ಳನ ಹಿಂದೆ ಯಾರಮ್ಮಾ ಓಡೋದು? ನಾನಾ?" ಅಂದು ತಮ್ಮ ಹೊಟ್ಟೆ ತೋರಿಸಿದರು. ಮನೆಗೆ ಬಂದು, ಕೆಲಸ ಬಿಟ್ಟುಬಿಡಿ, ಗೂಟಕ್ಕೆ ನೇತುಹಾಕಿ ಬನ್ನಿ ಅಂದೆ. "ಅದು ಬಿಟ್ಟೀತಾ?" ಅಂದರು. ನಿಜವೇ. ಹಿಂದೆ ಒಬ್ಬರು ಹಾಗೆ ಖಾಕಿಯನ್ನು ಗೂಟಕ್ಕೆ ಹಾಕಿ ಮಲಗಿದ್ದರು, ಬೆಳಿಗ್ಗೆ ಏಳುವಾಗ ಮೈಮೇಲೆ ಅದೇ ಇತ್ತು, ಬಕಲ್ ಸಮೇತ.

ಹಾಗಾದರೆ ಉಳಿದದ್ದು ಒಂದೇ ದಾರಿ, ಇವರ ಅಳತೆಯ ಹುಡುಗನನ್ನು ನಾನೇ ಹುಡುಕುವುದು. ಬಹಳ ದೂರ ಹೋಗಬೇಕಾಗಲಿಲ್ಲ. ಊರಿನ ಹುಡುಗರನ್ನೆಲ್ಲ ಕುಂಬಳಕಾಯಿ ಮಾಡುವ ಸರ್ವಮಂಗಳಾಳ ಸ್ವಂತ ಮಗ ಉಮಾಪತಿ ನುಗ್ಗೇಕಾಯಿಯ ಹಾಗಿದ್ದ. ಎಷ್ಟು ತುಪ್ಪ ಸುರಿದರೂ ಅವನಿಗೆ ಹತ್ತುತ್ತಿರಲಿಲ್ಲ. ಮೆಸ್ಸಿನ ಹುಡುಗರು ಅವನನ್ನು ರೇಗಿಸುತ್ತಿದ್ದರು. ಒಂದು ದಿನ ಕರೆದು ಕೂರಿಸಿದೆ. "ಲೇ ಮಗಾ, ನಮ್ಮೋರ ಖಾಕಿ ನಿಂಗೆ ಹೇಳಿ ಮಾಡಿಸಿದ ಹಂಗೆ ಐತೆ. ಅಳತೆ ದಿನ ತೊಟ್ರೆ ಅವತ್ತೇ ಕೆಲಸ. ಆ ದಫೇದಾರ್ರು ಹೊಟ್ಟೆಗೆ ಕಾದ್ರೆ ನೀನು ಮುದುಕ ಆಗೋಯ್ತೀಯ" ಅಂದೆ. ಹುಡುಗ ಯೋಚನೆ ಮಾಡಿ, "ಅಮ್ಮಂಗೆ ಹೇಳ್ಬ್ಯಾಡಿ ದೊಡ್ಡಮ್ಮ" ಅಂದ. ಅಂದಿನಿಂದ ಮೆಸ್ಸಿನ ಊಟವನ್ನು ಪಕ್ಕದವನ ಎಲೆಗೆ ದಾಟಿಸಿ, ನಮ್ಮ ಮನೆಗೆ ಬಂದು ಮುದ್ದೆ ಉಂಡು ಹೋಗುತ್ತಿದ್ದ. ನಾನು ಅವನ ಸೊಂಟವನ್ನು ಒಲೆಯ ಮೇಲಿನ ಹಾಲನ್ನು ಕಾಯುವ ಹಾಗೆ ಕಾದೆ.

ನಮ್ಮವರಿಗೆ ಇದು ಇಷ್ಟವಿರಲಿಲ್ಲ. "ಚಿಕ್ಕುಡ್ಗ ಕಣೇ" ಅನ್ನುತ್ತಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ಆ ದಿನಗಳಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಠಾಣೆಯ ಸೀಟಿ ಅಂತ ನಾನು ಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ.

ಅಳತೆಯ ದಿನ ಬಂತು. ಕವಾಯತು ಮೈದಾನದಲ್ಲಿ ಶಾಮಿಯಾನ ಹಾಕಿ, ಮೇಜಿನ ಮೇಲೆ ಖಾಕಿಗಳನ್ನು ಮಡಚಿಟ್ಟಿದ್ದರು. ದಫೇದಾರರ ಖಾಕಿಗೆ ಒಂದು ಮೇಜು ಸಾಲದೆ ಎರಡು ಜೋಡಿಸಿದ್ದರು, ಅದರ ಮುಂದೆ ಉಸಿರು ಹಿಡಿದುಕೊಂಡ ಹುಡುಗರ ಸಾಲು. ರಾಜಧಾನಿಯಿಂದ ಬಂದ ಅಳತೆ ಸಾಹೇಬರ ಹೆಸರು ಸೂರ್ಯಕಾಂತ ಅಂತ. ಅವರ ಪರೀಕ್ಷೆ ಎಂದರೆ ಹೆಬ್ಬೆರಳು. ಹುಡುಗ ಖಾಕಿ ತೊಟ್ಟು, ಹಳಬನ ತೂತಿಗೇ ಬಕಲ್ ಸಿಕ್ಕಿಸಿ ನಿಲ್ಲಬೇಕು. ಸಾಹೇಬರು ಸೊಂಟದ ಹತ್ತಿರ ಹೆಬ್ಬೆರಳು ಇಳಿಸುತ್ತಾರೆ. ಬೆರಳು ಹೋಗಬೇಕು, ಆದರೆ ತಿರುಗಬಾರದು. ಹೋಗದಿದ್ದರೆ ಬಿಗಿ, ತಿರುಗಿದರೆ ಸಡಿಲ.

ದಫೇದಾರರ ಖಾಕಿಯನ್ನು ಆ ವರ್ಷವೂ ಯಾರೂ ತುಂಬಲಿಲ್ಲ. ಒಬ್ಬನಿಗೆ ಹೆಬ್ಬೆರಳಲ್ಲ, ಸಾಹೇಬರ ಮುಷ್ಟಿಯೇ ತಿರುಗಿತು. ಇನ್ನೊಬ್ಬ ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು ಬಂದು ಸಿಕ್ಕಿಬಿದ್ದ. ಮುದ್ದುರಂಗಪ್ಪನವರು ಬನಿಯನ್ನಿನಲ್ಲಿ ನಿಂತು, "ಪರ್ವಾಗಿಲ್ಲ ಬುಡ್ರಪ್ಪ, ಮುಂದಿನ ವರ್ಷ ಚೆನ್ನಾಗಿ ತಿಂದು ಬನ್ನಿ. ನಾನೇನು ಓಡೋಯ್ತೀನಾ?" ಅಂತ ಸಮಾಧಾನ ಹೇಳಿದರು. ಅದಂತೂ ನಿಜ.

ಆಮೇಲೆ ನಮ್ಮವರ ಖಾಕಿ. "ಮರಿಸಿದ್ದಯ್ಯ, ಇದಕ್ಕೆ ಯಾರಾದರೂ?" ಅಂತ ಸಾಹೇಬರು ಆಕಳಿಸುತ್ತಲೇ ಕೇಳಿದರು. ಉಮಾಪತಿ ಮುಂದೆ ಬಂದ. ಜನರಲ್ಲಿ ಗುಸುಗುಸು. ನಾನು ಮನೆದೇವರಿಗೆಲ್ಲ ಹರಸಿಕೊಂಡೆ. ಹುಡುಗ ಷರಟಿನ ಮೇಲಿನ ಗುಂಡಿ ಹಾಕಿದ, ಎರಡನೆಯದು ಹಾಕಿದ. ಹೊಟ್ಟೆಯ ಹತ್ತಿರ ಬಂದಾಗ ಕೈ ನಿಂತಿತು. ಬಕಲ್ ಎಳೆದ. ಮೊದಲನೇ ತೂತು ಇನ್ನೂ ನಾಲ್ಕು ಬೆರಳು ದೂರ ಇತ್ತು. ಹುಡುಗನ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿದೆ! "ಬಿಗಿ" ಅಂದರು ಸಾಹೇಬರು. ಬೆರಳು ಎತ್ತುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ಏನೋ ಇದು?" ಅಂತ ನಾನು ಅಲ್ಲೇ ಕೂಗಿದೆ. ಹುಡುಗ ತಲೆ ತಗ್ಗಿಸಿ, "ಅಮ್ಮಂಗೆ ಹೆಂಗೋ ಗೊತ್ತಾಗೋಯ್ತು ದೊಡ್ಡಮ್ಮ, ರಾತ್ರಿಯಿಂದ ಬಿಡ್ಲಿಲ್ಲ. ಹೋಳಿಗೆ, ಹಾಲು, ಮತ್ತೆ ಬೆಳಿಗ್ಗೆ ಒಂದು ತಪ್ಪಲೆ ಮೊಸರನ್ನ. ತಿನ್ನದಿದ್ರೆ ಬಾವಿಗೆ ಬೀಳ್ತೀನಿ ಅಂದ್ಲು" ಅಂದ.

ಸರ್ವಮಂಗಳಾ ಶಾಮಿಯಾನದ ಕಂಬ ಹಿಡಿದು ನಿಂತಿದ್ದಳು. ನನಗೆ ರೇಗಿ ಹೋಯಿತು. "ಏನೇ ಮಂಗಳಿ, ಇಪ್ಪತ್ತೈದು ವರ್ಷ ನಿನ್ನ ಮಗನ ಮೈಗೆ ಹತ್ತದಿದ್ದ ತುಪ್ಪ ಇವತ್ತೇ ಹತ್ತಬೇಕಿತ್ತಾ? ನನ್ನ ತಾಳಿಗೆ ಯಾಕೆ ಅಡ್ಡ ಬಂದೆ?" ಅಂದೆ.

ಅವಳು ಕಂಬ ಬಿಟ್ಟು ಮುಂದೆ ಬಂದಳು. ಜಗಳಕ್ಕೆ ಬರುತ್ತಾಳೆ ಅಂದುಕೊಂಡೆ, ಆದರೆ ಅವಳು ದನಿ ಎತ್ತಲಿಲ್ಲ. "ದೊಡ್ಡತಾಯಕ್ಕ, ನಿನ್ನ ಗಂಡನ್ನ ಉಳಿಸ್ಕೊಳ್ಳೋಕೆ ನನ್ನ ಮಗನ್ನ ಓಡುಸ್ತೀಯಾ? ಇವತ್ತು ಇವನು ತೊಟ್ರೆ, ಎದೆ ಒಡ್ಯೋ ತನಕ ಇವನೇ ಓಡ್ಬೇಕು. ಆಮೇಲೆ ಇವನ್ನ ಯಾರು ಬಿಡುಸ್ತಾರೆ? ನೀನು ಬತ್ತೀಯಾ?" ಅಂದಳು.

ಅಯ್ಯೋ ಶಿವನೇ! ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೂರು ತಿಂಗಳು ಆ ಹುಡುಗನಿಗೆ ಮುದ್ದೆ ಬಡಿಸುವಾಗ ನನಗೆ ಸೊಂಟ ಕಂಡಿತ್ತೇ ಹೊರತು ಹುಡುಗ ಕಂಡಿರಲಿಲ್ಲ. ಆ ಕಡೆ ನೋಡಿದರೆ ನಮ್ಮವರು ಬನಿಯನ್ನಿನಲ್ಲಿ ನಿಂತು, ಮತ್ತೆ ತೊಡುವುದಕ್ಕೆ ಅಂತ ಹುಡುಗ ಬಿಚ್ಚಿಟ್ಟ ಖಾಕಿಯ ಕಡೆ ಕೈ ಚಾಚುತ್ತಿದ್ದರು. ಆ ಕೈ ಎಷ್ಟು ಸಣ್ಣಗಾಗಿತ್ತು! ಮೊಣಕೈ ಮೂಳೆ ಎದ್ದು ಕಾಣುತ್ತಿತ್ತು. ನನ್ನ ಕೈ ನೋಡಿಕೊಂಡೆ. ನನ್ನದೂ ಹಾಗೇ ಇತ್ತು. ಒಂದೇ ಮಡಕೆಯಲ್ಲಿ ಉಂಡವರಲ್ಲವೇ ನಾವು. ಅವರು ಅರ್ಧ ಬಿಟ್ಟು ಓಡಿದ ಊಟವನ್ನು ಬರುವ ತನಕ ನಾನೂ ಮುಟ್ಟಿದವಳಲ್ಲ. ಹೆಸರು ಮಾತ್ರ ದೊಡ್ಡತಾಯಮ್ಮ.

"ಅದನ್ನ ಇಲ್ಲಿ ಕೊಡಿ" ಅಂದೆ. ಅವರು ಒಗೆಯುವುದಕ್ಕೋ ಏನೋ ಅಂದುಕೊಂಡು ಕೊಟ್ಟುಬಿಟ್ಟರು. "ಬಾರೇ ಮಂಗಳಿ" ಅಂತ ಸರ್ವಮಂಗಳಾಳ ಕೈ ಹಿಡಿದುಕೊಂಡು ಪಕ್ಕದ ಸಾಮಾನು ಕೋಣೆಗೆ ಹೋದೆ. ಅವಳಿಗೆ ಒಳಗೆ ಹೋದ ಮೇಲೆ ಅರ್ಥವಾಯಿತು. "ಅಕ್ಕಾ, ಬ್ಯಾಡ ಕಣಕ್ಕ" ಅನ್ನುತ್ತಲೇ ನನ್ನ ಸೀರೆ ಮಡಚಿಟ್ಟುಕೊಂಡಳು, ಪ್ಯಾಂಟಿನ ಕಾಲು ಮಡಚಿದಳು, ಅಳುತ್ತಲೇ ಗುಂಡಿ ಹಾಕಿದಳು. ಬಕಲ್ ಮೊದಲನೇ ತೂತಿಗೆ ಟಕ್ಕಂತ ಕೂತಿತು.

ಹೊರಗೆ ಬಂದಾಗ ಮೊದಲು ನಗು ಎದ್ದಿತು. ನಾನು ಮೇಜಿನ ಮುಂದೆ ಹೋಗಿ ನಿಂತಾಗ ಅದು ಒಬ್ಬೊಬ್ಬರಲ್ಲೇ ಆರಿತು. "ಇದೇನಮ್ಮಾ ನಾಟಕ?" ಅಂದರು ಸೂರ್ಯಕಾಂತ ಸಾಹೇಬರು.

"ಅಳತೆ ನೋಡಿ ಸಾಹೇಬ್ರೆ."

"ಹೆಂಗಸರಿಗೆ, ಅದೂ ಈ ವಯಸ್ಸಿನಲ್ಲಿ..."

"ಹೆಂಗಸರಿಗಿಲ್ಲ, ವಯಸ್ಸಾದೋರಿಗಿಲ್ಲ ಅಂತ ಖಾಕಿ ಏನಾದ್ರೂ ಹೇಳೈತಾ? ನಮ್ಮೋರಿಗೆ ವಯಸ್ಸಾಗೈತೆ ಅಂತ ನೀವೇನು ಬುಟ್ರಾ?"

ಸಾಹೇಬರು ಹೆಬ್ಬೆರಳು ಎತ್ತಿದವರು ನಡುವೆಯೇ ನಿಲ್ಲಿಸಿದರು. ಪರಹೆಂಗಸಿನ ಸೊಂಟಕ್ಕೆ ಊರೆದುರು ಹೇಗೆ ಕೈ ಹಾಕುವುದು? ಅತ್ತಿತ್ತ ನೋಡಿ, "ಮರಿಸಿದ್ದಯ್ಯ, ನೀವೇ ನೋಡಿ ಹೇಳಿ. ನೀವು ಸುಳ್ಳು ಹೇಳೋರಲ್ಲ ಅಂತ ರಾಜಧಾನಿಯಲ್ಲೂ ಗೊತ್ತು" ಅಂದರು.

ಇವರು ಪಂಚೆ ಸರಿಮಾಡಿಕೊಂಡು ಹತ್ತಿರ ಬಂದರು. ಮದುವೆಯಾಗಿ ನಲವತ್ತು ವರ್ಷ, ನಾಲ್ಕು ಜನರ ಮುಂದೆ ನನ್ನ ಸೆರಗು ಮುಟ್ಟಿದವರಲ್ಲ. ಕಿವಿಯೆಲ್ಲ ಕೆಂಪಾಗಿತ್ತು. ಹೆಬ್ಬೆರಳು ಇಳಿಸಿದರು. ಹೋಯಿತು. ತಿರುಗಿಸಿದರು. ತಿರುಗಲಿಲ್ಲ. ಅಷ್ಟು ಸರಿಯಾಗಿ ಕೂತಿತ್ತು. ಇವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಟ್ಯಾಂಕಿನ ಮೆಟ್ಟಿಲು, ಸೀಟಿ, ಅರ್ಧ ಬಿಟ್ಟ ಊಟ ಎಲ್ಲವೂ ಇತ್ತು. ನಾನು ಕಣ್ಣಲ್ಲೇ, ಹೇಳಿ, ಅಂದೆ. ಇವರು ಸಾಹೇಬರ ಕಡೆ ತಿರುಗಿ, "ಸಡಿಲ ಸಾರ್" ಅಂದರು.

ಸಾಹೇಬರು ಟೋಪಿ ಎತ್ತಿಕೊಳ್ಳಲು ಹೋದರು. ಆಗ ಎಲ್ಲಿಂದಲೋ ಗುಡುಗುಡು ಅಂತ ಒಂದು ಸದ್ದು. ಮೋಡ ಇದೆಯಾ ಅಂತ ಒಬ್ಬಿಬ್ಬರು ಮೇಲೆ ನೋಡಿದರು. ಊರಿನವರು ಮಾತ್ರ ಮೇಲೆ ನೋಡಲಿಲ್ಲ, ಇವರ ಹೊಟ್ಟೆ ನೋಡಿದರು. ಇವರು ತುಟಿ ಕಚ್ಚಿ, ಕಾಲಿಗೆ ಕಾಲು ಹೆಣೆದು, ಬೆವರುತ್ತಾ ನಿಂತರು. ನಿಲ್ಲುವುದಕ್ಕೆ ಎಷ್ಟು ಪ್ರಯತ್ನ ಪಟ್ಟರು ಅಂತ ನನಗೊಬ್ಬಳಿಗೇ ಗೊತ್ತು. ಕೊನೆಗೆ, "ಕ್ಷಮಿಸ್ಬೇಕು ಸಾರ್" ಅಂದವರೇ ಪಂಚೆ ಎತ್ತಿ ಕಟ್ಟಿ ಪಾಯಿಖಾನೆಯ ಕಡೆ ಓಡಿದರು. ಇವರ ಸರ್ವೀಸಿನ ಕೊನೆಯ ಓಟ ಅದೇ. ಪುಣ್ಯಕ್ಕೆ ಪಾಯಿಖಾನೆ ಹತ್ತಿರವೇ ಇತ್ತು.

"ಕೂತೈತೆ! ಖಾಕಿ ಕೂತೈತೆ!" ಅಂತ ಮೊದಲು ಕೂಗಿದವನು ಬೇಲಿಯಾಚೆ ನಿಂತಿದ್ದ ಪಾಪಣ್ಣ. ಆಮೇಲೆ ಇಡೀ ಮೈದಾನ ಕೂಗಿತು. ಸಾಹೇಬರು ಏನು ಮಾಡುವುದೆಂದು ತೋಚದೆ ರಾಜಧಾನಿಗೆ ಫೋನು ಮಾಡಿದರು. ಹೆಂಗಸು ಸಾರ್, ಅಜ್ಜಿ ಸಾರ್, ಅಂತೆಲ್ಲ ವಿವರಿಸಿದರು. ಆ ಕಡೆಯಿಂದ ಬಂದ ಪ್ರಶ್ನೆ ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ಬಟ್ಟೆ ಕೂತಿದೆಯೇನ್ರೀ?" "ಕೂತಿದೆ ಸಾರ್." "ಮತ್ತಿನ್ನೇನು?" ಫೋನು ಇಟ್ಟ ಸದ್ದಾಯಿತು.

ಅವತ್ತು ಇವರು ಪಂಚೆ ಬನಿಯನ್ನಿನಲ್ಲೇ ಮನೆಗೆ ಬಂದರು. ಹೊಸಿಲು ದಾಟಿದ ಮೇಲೆ, "ನನ್ನ ಹೊಟ್ಟೆ ಹಾಳಾಗ್ಲಿ" ಅಂದು ಗೋಡೆಗೆ ಮುಖ ಮಾಡಿ ಅತ್ತರು. ನಾನು ಖಾಕಿಯಲ್ಲೇ ಒಲೆ ಹಚ್ಚಿ ಬಾರ್ಲಿ ಗಂಜಿ ಕಾಯಿಸಿದೆ.

ನಾನು ಓಡುವ ಪೊಲೀಸಲ್ಲ. ಮೊದಲ ದಿನವೇ ಪಾಪಣ್ಣ ಎದುರು ಸಿಕ್ಕ, ಕಂಕುಳಲ್ಲಿ ಯಾರದೋ ತಪ್ಪಲೆ. "ಲೇ, ನಿಂತ್ಕೋ. ನನ್ನ ಓಡಿಸಿದ್ರೆ ನಿಮ್ಮವ್ವಂಗೆ ಹೇಳ್ತೀನಿ" ಅಂದೆ. ನಿಂತುಕೊಂಡ. ಊರಿನ ಕಳ್ಳರು ಈಗ ನನ್ನ ಪಾಳಿಯಲ್ಲಿ ಕದಿಯುವುದಿಲ್ಲ, ದಫೇದಾರರ ಪಾಳಿಗೆ ಕಾಯುತ್ತಾರೆ. ಅದೇ ದೊಡ್ಡ ಸಾಧನೆ ಅಂತ ಇನ್ಸ್‌ಪೆಕ್ಟರು ನನಗೊಂದು ಶಾಲು ಹೊದಿಸಿದರು. ಆದರೆ ಎಲ್ಲರೂ ಪಾಪಣ್ಣನ ಹಾಗಿರುತ್ತಾರಾ? ಪರ ಊರಿನ ಸರಗಳ್ಳರಿಗೆ ನಮ್ಮ ಮರ್ಯಾದೆ ತಿಳಿಯದು. ಆಗ ಠಾಣೆಯಿಂದ ಸೀಟಿ ಬರುತ್ತದೆ, ನಾನು ಹೊರಡುತ್ತೇನೆ. ವಾಪಸ್ಸು ಬಂದಾಗ ಇವರು ಬಾಗಿಲಲ್ಲೇ ನಿಂತಿರುತ್ತಾರೆ, ನನ್ನ ಉಸಿರು ಎಣಿಸಿಕೊಂಡು.

ಮನೆಯ ಅಡುಗೆ ಈಗ ಇವರದು. ಮೊದಮೊದಲು ಸೊಪ್ಪಿನ ಸಾರಿಗೆ ಉಪ್ಪಿರುತ್ತಿರಲಿಲ್ಲ. ಆಮೇಲೆ ಒಂದು ದಿನ ತಟ್ಟೆಯಲ್ಲಿ ತುಪ್ಪ ಕಾಣಿಸಿಕೊಂಡಿತು. ಮಾರನೆಯ ದಿನ ಹೋಳಿಗೆ. ಅಡುಗೆ ಕಲಿಯಲು ಸರ್ವಮಂಗಳಾಳ ಮೆಸ್ಸಿಗೆ ಹೋಗಿಬರುತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಹೋಗಲಿ, ಈ ತುಪ್ಪ?

"ಯಾರು ಕೊಟ್ಟಿದ್ದು ರೀ?" ಅಂದೆ.

"ಅಂಗಡಿಯೋರು ತಂದುಕೊಟ್ರು. ಅಮ್ಮಾವ್ರಿಗೆ ಅಂತ."

"ನೀವು ಇಸ್ಕೊಂಡ್ರಾ? ನಿಮ್ಮ ಹೊಟ್ಟೆ?"

"ನಾನೆಲ್ಲಿ ತಿಂದೆ? ನಿಂಗೆ ಬಡಿಸ್ತೀನಿ, ಅಷ್ಟೆ. ಹೊಟ್ಟೆ ತಣ್ಣಗೈತೆ." ಆಮೇಲೆ ಸೌಟು ಕೆಳಗಿಟ್ಟು ನನ್ನ ಪಕ್ಕ ಕೂತರು. "ನೋಡು, ಮೊದಲನೇ ತೂತಿನಲ್ಲೇ ಇದ್ರೆ ನೀನು ಸಾಯೋಗಂಟ ಓಡ್ಬೇಕು. ಯಾರೂ ಬರಾಕಿಲ್ಲ. ನಂಗೆ ಗೊತ್ತು ಕಣೇ ಅದು. ನೀನು ಒಂದೀಟು ಮೈಕೈ ತುಂಬ್ಕೊಂಡ್ರೆ ಯಾರಾದ್ರೂ ಆಸೆಪಟ್ಟು ಬತ್ತಾರೆ. ನೀನಿಲ್ದೆ ನಾನು ಬದುಕಾಕಿಲ್ಲ" ಅಂದರು. ಇವರ ಬಾಯಲ್ಲಿ ಇಂಥ ಮಾತು ಕೇಳಿದ್ದು ಜನ್ಮದಲ್ಲಿ ಅದೇ ಮೊದಲು.

ಅವತ್ತು ಉಂಡೆ. ಉಂಡು, ಚೊಂಬು ನೀರು ಪಕ್ಕದಲ್ಲಿಟ್ಟುಕೊಂಡು, ಇನ್ನೇನು ಹೊಟ್ಟೆ ಗುಡುಗುಡು ಅಂದೀತು ಅಂತ ಕಾದೆ. ಅನ್ನಲಿಲ್ಲ. ಸಂಜೆಯವರೆಗೂ ಕಾದೆ. ಸುಖವಾಗಿ ತೇಗು ಬಂತು. ನನಗೆ ನಿಜವಾಗಿ ದುಃಖವಾಯಿತು. ಈ ಊರಿನಲ್ಲಿ ಕೆಡುವ ಹೊಟ್ಟೆ ಅಂತ ಇದ್ದದ್ದು ಒಂದೇ, ಅದೂ ರಿಟೈರಾಗಿದೆ. ಮರುದಿನ ಬೀಟಿನಲ್ಲಿ ಆ ತುಪ್ಪದ ಅಂಗಡಿಯವನು ರಸ್ತೆಗೆಲ್ಲ ಮೂಟೆ ಹರವಿದ್ದ. ಎತ್ತಿಸಬೇಕಿತ್ತು. ನಾನು ಆಚೆ ಬದಿಯಿಂದ ದಾಟಿ ಹೋದೆ.

ಈಗ ಬಕಲ್ ಮೂರನೇ ತೂತಿಗೆ ಬಂದಿದೆ. ಖಾಕಿ ನನ್ನ ಜೊತೆಗೇ, ಒಂದು ಮಾತೂ ಆಡದೆ, ಹಿಗ್ಗಿಕೊಂಡು ಬರುತ್ತಿದೆ. ಮೊನ್ನೆ ಉಮಾಪತಿ ಗೇಟಿನ ಹತ್ತಿರ ಸಿಕ್ಕ. ಅವನಿಗೂ ಕೊನೆಗೆ ಅಮ್ಮನ ತುಪ್ಪ ಹತ್ತಿದೆ, ಕೆನ್ನೆ ಉಬ್ಬಿದೆ. ನನ್ನ ಮುಖ ನೋಡಲಿಲ್ಲ, ಸೊಂಟ ನೋಡಿದ. "ದೊಡ್ಡಮ್ಮ, ದಫೇದಾರ್ರು ಖಾಕಿ ನನ್ನ ಕೈಲಾಗಲ್ಲ. ನಿಮ್ಮದು ಇನ್ನೊಂದು ಎರಡು ತೂತು ಹೋದ್ರೆ ನಾನೇ ಬತ್ತೀನಿ. ಅಮ್ಮನೂ ಒಪ್ಪವ್ಳೆ" ಅಂದ.

"ಹೋಗೋ, ನಿನ್ನ ಕೆಲಸ ನೋಡ್ಕೋ ಹೋಗು" ಅಂತ ಗದರಿಸಿ ಕಳಿಸಿದೆ. ಒಳಗೆ ಬಂದೆ. ಇವರು ಮಣೆ ಹಾಕಿ, ತಟ್ಟೆ ಇಟ್ಟು, ತುಪ್ಪದ ಗಿಂಡಿ ಹಿಡಿದು ಕೂತಿದ್ದರು. "ಇನ್ನೊಂಚೂರು ಹಾಕ್ಲಾ?" ಅಂದರು. ಕೈ ಕಾಲು ತೊಳೆದು ಬಂದು ಕೂತೆ. ಬೆಲ್ಟು ಬಿಗಿಯಾಗುತ್ತಿತ್ತು, ಸ್ವಲ್ಪ ಸಡಿಲಿಸಿಕೊಂಡೆ.

"ಹಾಕಿ" ಅಂದೆ.